ಕೊಟ್ಟೆ

ಗುರುವಾರ ನಾಲ್ಕಕ್ಕೇ ದನದ ಆಸ್ಪತ್ರೆಗೆ ಬೀಗ.
ಕರುವಿಗೆ ಭೇದಿ ಎಂದು ಯಾರಾದರೂ ಫೋನು ಮಾಡಿದರೆ
ಕಾಂಪೌಂಡರ್ ಹೇಳುತ್ತಾನೆ: ಡಾಕ್ಟರು ಫೀಲ್ಡಿನಲ್ಲಿದ್ದಾರೆ.
ಸುಳ್ಳೇನಲ್ಲ.

ಒಂಬತ್ತು ಕುಳಿ, ಹನ್ನೆರಡು ಜೋಡಿ.
ಮುಳ್ಳಯ್ಯನಗಿರಿಯ ಹಿಂದಕ್ಕೆ ಹೊತ್ತು ಜಾರುವುದರೊಳಗೆ
ಮುಗಿದರೆ ಮುಗಿಯಿತು, ಇಲ್ಲದಿದ್ದರೆ ಮೊಬೈಲಿನ ಬೆಳಕು.
ಚೀಲ ಅವರವರೇ ಹೊರಬೇಕು, ಲೀಗಿನ ಕಟ್ಟಳೆ.
ಸೋತವರದು ಬಜ್ಜಿಯ ದುಡ್ಡು.

ಟೈರ್ ಅಂಗಡಿಯ ಮುಸ್ತಾಕ್ ಬರುತ್ತಾನೆ,
ಬೀರೂರಿನಿಂದ ಬಸ್ಸು ಹಿಡಿದು ಗಣಿತದ ಮೇಷ್ಟ್ರು ಉಜ್ಜನಪ್ಪ.
ಅವರ ಚೀಲ ಎತ್ತಿ ನೋಡಿ ಕಂಡಕ್ಟರ್
ಕಬ್ಬಿಣಕ್ಕೆ ಲಗೇಜು ಎಂದು ಪ್ರತಿ ವಾರ ಟಿಕೆಟ್ ಹರಿಯುತ್ತಾನೆ,
ಮೇಷ್ಟ್ರು ಪ್ರತಿ ವಾರ ವಾದಿಸುತ್ತಾರೆ.

ಕಾರ್ಡು ಬರೆಯುವುದು ನಾನು.
ಅಕ್ಷರ ದುಂಡಗಿದೆ ಎಂದಲ್ಲ,
ನನ್ನ ಆಟದಲ್ಲಿ ಬರೆಯುವಂಥದ್ದೇನೂ ಇಲ್ಲವಲ್ಲ, ಅದಕ್ಕೆ.

ಈ ವಾರ ನಾನು, ಲೋಕಯ್ಯ.
ಎದುರಿಗೆ ಕಡವನಕಟ್ಟೆ ತೋಟದ ಧರ್ಮಪಾಲ ಗೌಡರು,
ಜೊತೆಗೆ ಹಲ್ಲಿನ ಡಾಕ್ಟರು ಲವೀನಾ.

ಇದೇ ಹುಲ್ಲಿನ ಮೇಲೆ ಇಪ್ಪತ್ತೆರಡು ವರ್ಷ
ಗೌಡರ ಚೀಲ ಹೊತ್ತವನು ಲೋಕಯ್ಯ.
ಜನವರಿಯಿಂದ ಪಟ್ಟಿಯಲ್ಲಿ ಅವನದೂ ಹೆಸರು.
ಇರುವುದು ಐದು ಕೋಲು, ಒಂದರ ಮುಖ ಒಂದಕ್ಕಿಲ್ಲ.
ಒಂದಕ್ಕೆ ಹಿಡಿಕೆಯ ಜಾಗದಲ್ಲಿ
ಸೈಕಲ್ ಟ್ಯೂಬು ಸುತ್ತಿದೆ.

ಮೊದಲ ಕುಳಿಯಲ್ಲಿ ಗೌಡರು ಹಿಂದೆ ನೋಡದೆ ಕೈ ಚಾಚಿದರು:
ಏಳು ಕೊಡೋ.
ಲೋಕಯ್ಯ ಆಗಲೇ ಬಗ್ಗಿದ್ದ,
ಕೈ ಚೀಲದ ಪಟ್ಟಿಯ ಮೇಲಿತ್ತು.
ಲವೀನಾ ಕೆಮ್ಮಿದರು.
ನಾನು ಆಕಾಶ ನೋಡಿದೆ, ಅಲ್ಲಿ ಬೆಳ್ಳಕ್ಕಿ ಹೋಗುತ್ತಿದ್ದವು,
ಅವನ್ನು ಎಣಿಸಿದೆ.

ನಾಲ್ಕರಲ್ಲಿ ನನ್ನ ಚೆಂಡು ಹಸೀ ಸಗಣಿಯಲ್ಲಿ ಕೂತಿತು.
ನಿಮ್ಮ ಇಲಾಖೆಗೇ ಸೇರಿದ್ದು ಎಂದರು ಲವೀನಾ.
ಹೊಡೆದೆ.
ಅಂಗಿ ಬಿಳಿಯದಾಗಿತ್ತು. ಅಷ್ಟು ಸಾಕು.

ಏಳರಲ್ಲಿ ಗೌಡರು ಕುಕ್ಕರಗಾಲಿನಲ್ಲಿ ಕೂತು
ಇಳಿಜಾರು ಅಳೆಯುತ್ತಿದ್ದರು.
ಎಡಕ್ಕೆ ಎರಡು ಬೆರಳು ಸರ್, ಬಾವಿ ಕಡೆಗೆ ಎಳೆಯುತ್ತೆ,
ಎಂದುಬಿಟ್ಟ ಲೋಕಯ್ಯ.
ನನ್ನ ಜೋಡಿ!
ಎದುರಾಳಿಗೆ ಸಲಹೆ ಕೊಟ್ಟರೆ ದಂಡ,
ಮೇಷ್ಟ್ರು ಅಲ್ಲಿರಲಿಲ್ಲ, ಪುಣ್ಯ.
ಚೆಂಡು ಬಾವಿಯ ಕಡೆಗೆ ಎಳೆಯಿತು, ಕುಳಿಗೆ ಬಿತ್ತು.
ಕಾರ್ಡಿನಲ್ಲಿ ಪೆನ್ಸಿಲ್ ಮುರಿಯುವಂತೆ ಬರೆದೆ.

ಎಂಟರಲ್ಲಿ ಸಮ ಮಾಡಿದೆವು. ಹೇಗೆಂದು ಕೇಳಬೇಡಿ.

ಒಂಬತ್ತಕ್ಕೆ ಬರುವಾಗ
ಸಿಲ್ವರ್ ಓಕಿನ ಬುಡಗಳು ಕಾಣುತ್ತಿರಲಿಲ್ಲ, ತುದಿ ಮಾತ್ರ.
ನಾನು ಕಳೆದುಹೋಗಿದ್ದೆ, ಲವೀನಾ ಚರಂಡಿಯಲ್ಲಿದ್ದರು.
ಲೋಕಯ್ಯ ಐದರಲ್ಲಿ ಮುಗಿಸಿದ.
ಗೌಡರಿಗೆ ಐದಕ್ಕೆ ಉಳಿದಿದ್ದು ಒಂದೂವರೆ ಗೇಣು.
ಹಾಕಿದರೆ ಸಮ.

ಒಂದೂವರೆ ಗೇಣು ಏನು ದೊಡ್ಡದು,
ಮಕ್ಕಳು ಊದಿದರೂ ಬೀಳುತ್ತದೆ.
ಆದರೆ ಈ ವರ್ಷ ಗೌಡರ ಬಲಗೈ
ಚಹಾದ ತಟ್ಟೆಯನ್ನೂ ಸದ್ದು ಮಾಡಿಸುತ್ತದೆ,
ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.
ಕೋಲಿನ ತುದಿ ಚೆಂಡಿನ ಹಿಂದೆ
ಕರೆಂಟು ಕಡಿಮೆ ಇರುವ ಫ್ಯಾನಿನಂತೆ ಅಲ್ಲಾಡುತ್ತಿತ್ತು.
ನಿಜ ಹೇಳುತ್ತೇನೆ, ತಪ್ಪಲಿ ಎಂದೇ ಕಾಯುತ್ತಿದ್ದೆ.
ಬಜ್ಜಿಯ ವಾಸನೆ ಕ್ಲಬ್ಬಿನಿಂದ ಆಗಲೇ ಬರುತ್ತಿತ್ತು.

ಲೋಕಯ್ಯ ನಡೆದು ಹೋಗಿ ಬಗ್ಗಿದ.
ಚೆಂಡು ಎತ್ತಿಕೊಂಡ.
ಕೊಟ್ಟೆ, ಎಂದ.
ಆಮೇಲೆ, ತುಸು ತಡೆದು, ಸರ್.

ಹಳೇ ಬೂಟು, ದೀಪಾವಳಿಗೆ ಐನೂರು,
ಮಗಳ ಫೀಸಿಗೆ ಒಮ್ಮೆ ಮೂರು ಸಾವಿರ,
ಮಳೆಗಾಲದಲ್ಲಿ ತೋಳು ಹರಿದ ಕೋಟು:
ಈ ಹುಲ್ಲಿನ ಮೇಲೆ ಆ ಮಾತು
ಇಲ್ಲಿಯವರೆಗೆ ಒಂದೇ ಕಡೆಯಿಂದ ಬಂದಿತ್ತು.

ಯಾರೋ ಕೇಳಿದ್ದು ನಿನ್ನ, ಎಂದರು ಗೌಡರು.
ಕೇಳುವ ಹಾಗಿಲ್ಲ.
ಬಿಟ್ಟುಕೊಟ್ಟದ್ದನ್ನು ಬೇಡ ಎನ್ನುವ ಹಾಗೂ ಇಲ್ಲ,
ಪುಸ್ತಕದಲ್ಲೇ ಇದೆ.
ಚರಂಡಿಯಿಂದ ಹತ್ತಿ ಬಂದ ಲವೀನಾ ಮೆಲ್ಲಗೆ ನೆನಪಿಸಿದರು.

ಗೌಡರು ಚೀಲ ಹೆಗಲಿಗೆ ಏರಿಸಿದರು.
ಪಟ್ಟಿ ಜಾರಿತು, ಮತ್ತೆ ಏರಿಸಿದರು.
ಯಾರೂ ಕೈ ಹಾಕಲಿಲ್ಲ.

ಸಮ ಎಂದು ಬರೆದೆ, ಕತ್ತಲಲ್ಲಿ, ಅಂದಾಜಿನಲ್ಲಿ.
ಸಮವಾದ ದಿನ ಬಜ್ಜಿಗೆ ನಾಲ್ಕು ಪಾಲು.
ಲೋಕಯ್ಯ ತನ್ನ ಪಾಲಿನ ನೋಟನ್ನು ಮೇಜಿನ ಮೇಲೆ
ಎರಡು ಸಲ ನೀವಿ ಇಟ್ಟ.

ಚೆಂಡು ಅವನ ಜೇಬಿನಲ್ಲೇ ಇತ್ತು.
ಪ್ಯಾಂಟಿನ ಮೇಲೆ ಉಬ್ಬಿ ಕಾಣುತ್ತಿತ್ತು, ನಿಂಬೆಹಣ್ಣಿನ ಹಾಗೆ.
ಗೌಡರು ಕೇಳಲಿಲ್ಲ.
ಅವನೂ ಕೊಡಲಿಲ್ಲ.